ಎತ್ತಿನ ಗಾಡಿಯಿಂದ ಪಿಕಪ್‌ವರೆಗೆ: ಹಳ್ಳಿ ಮನೆಯ ಮೊದಲ ಗಾಡಿಯ ಕತೆ

ಹೋದ ವರ್ಷ ಟೊಮೆಟೊ ಸೀಸನ್ ಮುಗಿಯುವ ಹೊತ್ತಿಗೆ ನಮ್ಮ ಚಿಕ್ಕಪ್ಪನ ಮಗ ಫೋನ್ ಮಾಡಿದ.

"ಅಣ್ಣಾ, ಒಂದು ಪಿಕಪ್ ನೋಡ್ಕಂಡು ಬಂದಿದೀನಿ. ಹನ್ನೊಂದು ವರ್ಷದ್ದು. ಬಾಡಿ ಚೆನ್ನಾಗಿ ಕಟ್ಸಿದಾರೆ. ಹಿಂದ್ಗಡೆ ಎರಡು ಪ್ಲೇಟ್ ಜಾಸ್ತಿ ಹಾಕ್ಸಿದಾರಂತೆ, ಎಷ್ಟು ಲೋಡ್ ಹಾಕಿದ್ರೂ ಗಾಡಿ ಕೂರಲ್ವಂತೆ. ತಗೊಳ್ಳಲಾ?"

ಅವರ ಮನೆಯಲ್ಲಿ ಇದುವರೆಗೆ ಇದ್ದದ್ದು ಒಂದು ಬೈಕು ಮಾತ್ರ. ಎರಡು ಹಸು ಮಾರಿದ ದುಡ್ಡು, ಸಂಘದ ಸಾಲ, ಚಿಕ್ಕಮ್ಮನ ಓಲೆ ಅಡ ಇಟ್ಟ ದುಡ್ಡು, ಎಲ್ಲ ಸೇರಿಸಿ ಇವನು ಹೊರಟಿದ್ದ. ನಾಲ್ಕು ಚಕ್ರದ ಮೊದಲ ಗಾಡಿ ಮನೆಗೆ ಬರುವುದು ಅಂದರೆ ಸಣ್ಣ ಮಾತಲ್ಲ. ಪೇಟೆಯವರ ಮನೆಗೆ ಮೊದಲು ಕಾರು ಬರುತ್ತದೆ. ನಮ್ಮ ಕಡೆ ಎಷ್ಟೋ ಮನೆಗಳಿಗೆ ಮೊದಲು ಬರುವುದು ಲೋಡ್ ಗಾಡಿ, ಅದೂ ಬೇರೆಯವರು ಓಡಿಸಿ ಬಿಟ್ಟದ್ದು.

"ಅಡ್ವಾನ್ಸ್ ಕೊಡಬೇಡ, ಭಾನುವಾರ ನಾನೂ ಬರ್ತೀನಿ" ಅಂದೆ. ಅವನು ಖುಷಿಯಿಂದ ಹೇಳಿದ "ಎರಡು ಪ್ಲೇಟ್ ಜಾಸ್ತಿ" ಅನ್ನೋ ಮಾತು ಮಾತ್ರ ತಲೆಯಲ್ಲೇ ಉಳಿಯಿತು. ನಮ್ಮ ಹಳ್ಳಿಗಳಿಗೆ ಗಾಡಿ ಬಂದ ಚರಿತ್ರೆಯೆಲ್ಲ ಆ ಮಾತಿನೊಳಗೇ ಇದೆ ಅನ್ನಿಸಿತು. ಗಾಡಿ ಎಲ್ಲೋ ತಯಾರಾಗುತ್ತದೆ, ನಾವು ಅದನ್ನು ನಮ್ಮ ಹೊರೆಗೆ ತಕ್ಕಂತೆ ತಿದ್ದಿಕೊಳ್ಳುತ್ತೇವೆ. ಹಾಗೆ ತಿದ್ದಿದ್ದರಲ್ಲಿ ಕೆಲವು ನಮ್ಮನ್ನು ಮೇಲೆತ್ತಿದವು. ಕೆಲವಕ್ಕೆ ನಾವು ಇವತ್ತಿಗೂ ಬೆಲೆ ಕೊಡುತ್ತಿದ್ದೇವೆ.

ಗಾಡಿಗಿಂತ ಮೊದಲು ಬಂದದ್ದು ಟೈರು

ಎಷ್ಟೋ ಊರುಗಳಿಗೆ ಮೋಟಾರು ಗಾಡಿಗಿಂತ ಮೊದಲು ಅದರ ಭಾಗಗಳು ಬಂದವು. ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಡಿದ ಗಾಡಿಗಳ ಜಾಗಕ್ಕೆ ಟೈರ್ ಗಾಡಿ ಬಂತು. ಹಳೆ ಲಾರಿಯ ಆಕ್ಸಲ್, ಸವೆದ ಟೈರು, ಬೇರಿಂಗ್, ಮೇಲೆ ಮರದ ಹಲಗೆ. ಬೇರಿಂಗ್ ಇದ್ದದ್ದರಿಂದ ಚಕ್ರ ಸಲೀಸಾಗಿ ತಿರುಗುತ್ತಿತ್ತು, ಎತ್ತುಗಳಿಗೆ ಭಾರ ಕಡಿಮೆ ಅನ್ನಿಸುತ್ತಿತ್ತು. ಹಳೆ ಮೋಟಾರು ಗಾಡಿಯನ್ನು ಬಿಚ್ಚಿ ತನಗೆ ಬೇಕಾದ ಹಾಗೆ ಜೋಡಿಸಿಕೊಳ್ಳುವುದನ್ನು ಹಳ್ಳಿ ಕಲಿತದ್ದು ಹೀಗೆ.

ಈ ವಿಷಯವನ್ನು ಗಂಭೀರವಾಗಿ ತೆಗೆದುಕೊಂಡ ಒಬ್ಬರು ಬೆಂಗಳೂರಿನಲ್ಲೇ ಇದ್ದರು. ಐಐಎಂ ಬೆಂಗಳೂರಿನ ಮೊದಲ ನಿರ್ದೇಶಕರಾಗಿದ್ದ ಪ್ರೊಫೆಸರ್ ಎನ್. ಎಸ್. ರಾಮಸ್ವಾಮಿ. ದೊಡ್ಡ ಕಂಪನಿಗಳ ಮ್ಯಾನೇಜರುಗಳನ್ನು ತಯಾರು ಮಾಡುವ ಸಂಸ್ಥೆಯಲ್ಲಿ ಕೂತು ಅವರು ಎತ್ತಿನ ಗಾಡಿಯ ನೊಗ, ಚಕ್ರ, ಬೇರಿಂಗ್ ಸುಧಾರಿಸಬೇಕು ಅಂತ ವಾದಿಸಿದರು. ದೇಶದ ಸರಕು ಸಾಗಣೆಯಲ್ಲಿ ಎತ್ತುಗಳ ಪಾಲು ದೊಡ್ಡದು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲ ಅನ್ನುವುದು ಅವರ ಮಾತಾಗಿತ್ತು. ಅವರಿಗೆ ಜನ "ಎತ್ತಿನ ಗಾಡಿ ರಾಮಸ್ವಾಮಿ" ಅಂತಲೇ ಹೆಸರಿಟ್ಟಿದ್ದರು.

ಯುದ್ಧ ಮುಗಿಸಿ ಬಂದ ಜೀಪು

ಎರಡನೇ ಮಹಾಯುದ್ಧಕ್ಕೆ ಅಂತ ಅಮೆರಿಕ ಲಕ್ಷಗಟ್ಟಲೆ ಜೀಪುಗಳನ್ನು ತಯಾರಿಸಿತು. 1945ರಲ್ಲಿ ಕೆ. ಸಿ. ಮಹೀಂದ್ರಾ, ಜೆ. ಸಿ. ಮಹೀಂದ್ರಾ ಸಹೋದರರು ಮಲಿಕ್ ಗುಲಾಂ ಮೊಹಮ್ಮದ್ ಎಂಬುವರ ಜೊತೆ ಸೇರಿ ಉಕ್ಕಿನ ವ್ಯಾಪಾರಕ್ಕೆ ಒಂದು ಕಂಪನಿ ಶುರು ಮಾಡಿದರು. ಹೆಸರು ಮಹೀಂದ್ರಾ ಅಂಡ್ ಮೊಹಮ್ಮದ್. ದೇಶ ಇಬ್ಭಾಗ ಆದಾಗ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. ಇಲ್ಲಿ ಕಂಪನಿಯ ಹೆಸರು 1948ರಲ್ಲಿ ಮಹೀಂದ್ರಾ ಅಂಡ್ ಮಹೀಂದ್ರಾ ಆಯಿತು. 1940ರ ದಶಕದ ಕೊನೆಯ ಹೊತ್ತಿಗೆ ಆ ಕಂಪನಿ ವಿಲ್ಲೀಸ್ ಜೀಪುಗಳನ್ನು ಇಲ್ಲೇ ಜೋಡಿಸಿ ಮಾರತೊಡಗಿತ್ತು.

ಜೀಪು ಸೈನ್ಯಕ್ಕೆ ಅಂತ ಮಾಡಿದ ಗಾಡಿ. ಆದರೆ ರಸ್ತೆ ಇಲ್ಲದ ಕಡೆ ಹೋಗುತ್ತಿದ್ದದ್ದರಿಂದ ಮಲೆನಾಡಿನ ಎಸ್ಟೇಟುಗಳಲ್ಲಿ, ಅರಣ್ಯ ಇಲಾಖೆಯಲ್ಲಿ, ತಾಲ್ಲೂಕು ಕಚೇರಿಗಳಲ್ಲಿ ಬಹಳ ಕಾಲ ನಿಂತಿತು. ಸರ್ಕಾರ ಹರಾಜು ಹಾಕಿದ ಹಳೆ ಜೀಪುಗಳು ಊರಿನ ಅನುಕೂಲಸ್ಥರ ಮನೆಗೆ ಬಂದವು. ಹಿಂದಿನ ಸೀಟು ಕಿತ್ತು ಅಡಿಕೆ ಮೂಟೆ, ಕಾಫಿ ಚೀಲ ಹಾಕಿದರು. ಹಿಂದೆ ಟ್ರೈಲರ್ ಕಟ್ಟಿದರು. ಪೆಟ್ರೋಲ್ ಖರ್ಚು ತಡೆಯಲಾರದೆ ಎಂಜಿನ್ನೇ ಬಿಚ್ಚಿ ಡೀಸೆಲ್ ಎಂಜಿನ್ ಕೂರಿಸಿದರು. ಹೀಗೆ ಒಂದು ಗಾಡಿಯ ಎಂಜಿನ್ ಇನ್ನೊಂದಕ್ಕೆ ಕೂರಿಸುವ ಕೆಲಸದಲ್ಲಿ ಪಳಗಿದ ಮೆಕ್ಯಾನಿಕ್‌ಗಳು ತಾಲ್ಲೂಕು ಕೇಂದ್ರಗಳಲ್ಲಿ ಹುಟ್ಟಿಕೊಂಡರು.

ಟೆಂಪೋ ಅನ್ನುವ ಹೆಸರು ಎಲ್ಲಿಯದು?

ಸಾಮಾನು ತುಂಬುವ ಸಣ್ಣ ಗಾಡಿ ಯಾವುದಾದರೂ ಸರಿ, ನಮ್ಮ ಹಿರಿಯರ ಬಾಯಲ್ಲಿ ಅದು ಟೆಂಪೋ. ಅದು ಜರ್ಮನಿಯ ಹ್ಯಾಂಬರ್ಗ್ ಕಡೆಯ ಒಂದು ಕಂಪನಿಯ ಗಾಡಿಯ ಹೆಸರು. 1958ರಲ್ಲಿ ಫಿರೋದಿಯಾ ಕುಟುಂಬ ಆ ಕಂಪನಿಯ ಜೊತೆ ಕೈಜೋಡಿಸಿ ಬಜಾಜ್ ಟೆಂಪೋ ಶುರು ಮಾಡಿತು. ಮೊದಲು ಬಂದದ್ದು ಹ್ಯಾನ್‌ಸೀಟ್ ಎಂಬ ಮೂರು ಚಕ್ರದ ಗಾಡಿ. ಆಮೇಲೆ 1970ರ ಸುಮಾರಿಗೆ ಮೆಟಾಡೋರ್ ಬಂತು.

ಮೆಟಾಡೋರ್ ಅಂದರೆ ಸ್ಪೇನ್ ದೇಶದಲ್ಲಿ ಗೂಳಿಯ ಜೊತೆ ಕಾದಾಡುವವನು. ಎತ್ತಿನ ಗಾಡಿಯ ಕೆಲಸವನ್ನು ಕಿತ್ತುಕೊಂಡ ಗಾಡಿಗೆ ಈ ಹೆಸರು ಸರಿಯಾಗಿಯೇ ಇತ್ತು, ಇಟ್ಟವರು ನಮ್ಮ ಎತ್ತುಗಳನ್ನು ನೆನೆದು ಇಡಲಿಲ್ಲ ಅಷ್ಟೆ.

ಮೆಟಾಡೋರ್‌ನ ಒಂದೇ ಚಾಸಿ ಮೇಲೆ ನಮ್ಮವರು ಏನೇನು ಕಟ್ಟಲಿಲ್ಲ? ತರಕಾರಿ ಗಾಡಿ, ಹಾಲಿನ ಗಾಡಿ, ಮದುವೆ ದಿಬ್ಬಣದ ಗಾಡಿ, ನಾಟಕದ ಸೀನುಗಳನ್ನು ಸಾಗಿಸುವ ಗಾಡಿ. ವಾರಕ್ಕೆ ಐದು ದಿನ ಸಾಮಾನು, ಎರಡು ದಿನ ಜನ. ಬಸ್ಸಿಲ್ಲದ ಊರುಗಳಿಗೆ ಅದೇ ಬಸ್ಸು. ಸಾಮಾನಿನ ಗಾಡಿಯಲ್ಲಿ ಜನ ಕೂರುವ ಅಭ್ಯಾಸ ಬೆಳೆದದ್ದು ಇಂಥ ಗಾಡಿಗಳ ಕಾಲದಲ್ಲೇ. ಆಗ ಬೇರೆ ದಾರಿ ಇರಲಿಲ್ಲ ಅನ್ನುವುದೂ ನಿಜ.

1980ರ ದಶಕದಲ್ಲಿ ಜಪಾನಿನ ಕಂಪನಿಗಳು ಬಂದವು. ಡಿಸಿಎಂ ಟೊಯೋಟಾ, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ, ಆಲ್ವಿನ್ ನಿಸ್ಸಾನ್, ನಾಲ್ಕೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ. ಅವುಗಳಿಗೆ ಎದುರಾಗಿ ಟಾಟಾದವರು 1986ರಲ್ಲಿ 407 ಬಿಟ್ಟರು. 1988ರಲ್ಲಿ ಟಾಟಾಮೊಬೈಲ್ 206 ಬಂತು. ಮುಂದೆ ಕಾರಿನಂಥ ಕ್ಯಾಬಿನ್, ಹಿಂದೆ ತೆರೆದ ತೊಟ್ಟಿ. ನಾವು ಇವತ್ತು ಪಿಕಪ್ ಅನ್ನುವ ರೂಪ ಅದು. ಅದರ ತಮ್ಮ 207 ಇವತ್ತಿಗೂ ಅಲ್ಲಲ್ಲಿ ಹುಲ್ಲು ಹೊತ್ತು ಹೋಗುವುದು ಕಾಣುತ್ತದೆ.

3000 ಕೆಜಿಯ ಗೆರೆ

ಪಿಕಪ್ ರೈತರ ಮನೆಗೆ ಬರಲು ಎಂಜಿನ್ ಎಷ್ಟು ಕಾರಣವೋ ಕಾನೂನಿನ ಒಂದು ಸಾಲೂ ಅಷ್ಟೇ ಕಾರಣ.

1939ರ ಹಳೆ ಮೋಟಾರು ವಾಹನ ಕಾಯ್ದೆಯ ಜಾಗಕ್ಕೆ 1988ರ ಕಾಯ್ದೆ ಬಂತು. ಜಾರಿಯಾದದ್ದು 1989ರ ಜುಲೈ 1ರಿಂದ. ಅದರ 66ನೇ ಕಲಮಿನಲ್ಲಿ ಯಾರಿಗೆ ಪರ್ಮಿಟ್ ಬೇಡ ಅನ್ನುವ ಪಟ್ಟಿ ಇದೆ. ಗಾಡಿ ಮತ್ತು ಲೋಡ್ ಸೇರಿ ಒಟ್ಟು ತೂಕ 3000 ಕೆಜಿ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ ಅಂತ ಅದರಲ್ಲಿ ಬರೆದಿದೆ.

ಪರ್ಮಿಟ್ ಅಂದರೆ ಕಚೇರಿ ಅಲೆದಾಟ, ದುಡ್ಡು, ಮಧ್ಯವರ್ತಿ. ಅದು ಬೇಡ ಅಂದ ಮೇಲೆ ಒಂದು ಗಾಡಿ ಇಟ್ಟುಕೊಂಡು ತನ್ನ ಬೆಳೆ ತಾನು ಹಾಕಿಕೊಂಡು, ಉಳಿದ ದಿನ ಪಕ್ಕದವರ ಬಾಡಿಗೆ ಹೊಡೆಯುವುದು ಸಾಮಾನ್ಯನಿಗೂ ಸಾಧ್ಯವಾಯಿತು. ನಿಮ್ಮ ಪಿಕಪ್ಪಿನ ಆರ್‌ಸಿ ತೆಗೆದು ನೋಡಿ. ಒಟ್ಟು ತೂಕದ ಜಾಗದಲ್ಲಿ 2990ರ ಹಾಗೆ ಮೂರು ಸಾವಿರಕ್ಕೆ ಸ್ವಲ್ಪವೇ ಕಡಿಮೆ ಇರುವ ಅಂಕಿ ಇದ್ದರೆ, ಅದು ಯಾಕೆ ಅಂತ ಈಗ ಗೊತ್ತಾಗುತ್ತದೆ.

ಲೈಸೆನ್ಸಿನ ಗೊಂದಲವೂ ಕೊನೆಗೆ ಬಗೆಹರಿಯಿತು. ಕಾರಿನ ಲೈಸೆನ್ಸ್ ಇದ್ದವನು ಪಿಕಪ್ ಓಡಿಸಿ ಅಪಘಾತವಾದರೆ "ಟ್ರಾನ್ಸ್‌ಪೋರ್ಟ್ ಅಂತ ಬರೆಸಿಲ್ಲ" ಅಂತ ವಿಮಾ ಕಂಪನಿಗಳು ತಕರಾರು ಮಾಡುತ್ತಿದ್ದವು. 7500 ಕೆಜಿ ಒಳಗಿನ ಗಾಡಿಗೆ ಎಲ್‌ಎಂವಿ ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. 2024ರ ನವೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು.

ನಾಲ್ಕು ಚಕ್ರ ಇದ್ದರೆ ಹೆಣ್ಣು ಕೊಡ್ತಾರೆ

2005ರ ಮೇ ತಿಂಗಳಲ್ಲಿ ಟಾಟಾ ಏಸ್ ಬಂತು. ಬೆಲೆ ಸುಮಾರು ಎರಡೂಕಾಲು ಲಕ್ಷ. ಇಂಡಿಕಾ ಕಾರಿನ ನಾಲ್ಕು ಸಿಲಿಂಡರಿನ 1405 ಸಿಸಿ ಎಂಜಿನನ್ನು ಅರ್ಧ ಮಾಡಿದ ಹಾಗೆ ಎರಡು ಸಿಲಿಂಡರ್, 702 ಸಿಸಿ, 16 ಅಶ್ವಶಕ್ತಿ. ಹೊರುವ ಸಾಮರ್ಥ್ಯ 750 ಕೆಜಿ. ಗಿರೀಶ್ ವಾಘ್ ಎಂಬ ಎಂಜಿನಿಯರ್ ನೇತೃತ್ವದ ತಂಡ ಗಾಡಿ ಮಾಡುವ ಮೊದಲು ಲಗೇಜ್ ಆಟೋ ಓಡಿಸುವವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿತ್ತು. ಅವರಲ್ಲಿ ಒಬ್ಬ, ಮೂರು ಚಕ್ರದ ಬದಲು ನಾಲ್ಕು ಚಕ್ರದ ಗಾಡಿ ಇದ್ದರೆ ಊರಲ್ಲಿ ನನಗೆ ಒಳ್ಳೆ ಸಂಬಂಧ ಸಿಗುತ್ತದೆ ಅಂದನಂತೆ. ಈ ಕತೆಯನ್ನು ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಈಗಲೂ ಹೇಳುತ್ತಾರೆ. ನಮಗೆ ಅದರಲ್ಲಿ ಹೊಸದೇನೂ ಇಲ್ಲ. ಹೆಣ್ಣಿನ ಕಡೆಯವರು ಬಂದಾಗ ಅಂಗಳದಲ್ಲಿ ಏನು ನಿಂತಿದೆ ಅಂತ ನೋಡುವುದು ಯಾರಿಗೆ ಗೊತ್ತಿಲ್ಲ?

ಉತ್ತರ ಭಾರತದಲ್ಲಿ ಅದಕ್ಕೆ ಛೋಟಾ ಹಾಥಿ ಅಂದರು, ಅಂದರೆ ಸಣ್ಣ ಆನೆ. 2012ರ ಹೊತ್ತಿಗೆ ಹತ್ತು ಲಕ್ಷ ಏಸ್ ರಸ್ತೆಗೆ ಇಳಿದಿದ್ದವು. ಅದರ ಜೊತೆಜೊತೆಗೆ ಬೊಲೆರೊ ಪಿಕಪ್ ಹರಡಿತು. 2011ರಲ್ಲಿ ಅಶೋಕ್ ಲೇಲ್ಯಾಂಡಿನ ದೋಸ್ತ್ ಬಂತು. ಆ ವರ್ಷಗಳಲ್ಲಿ ಹೊಸದಾಗಿ ಮಾರಾಟವಾದ ಗಾಡಿಗಳೇ ಈಗ ಎರಡನೇ, ಮೂರನೇ ಕೈಗೆ ಬಂದು ನಮ್ಮ ಹುಡುಗರ ಮೊದಲ ಗಾಡಿ ಆಗುತ್ತಿರುವುದು.

ಹೊರೆಗೆ ತಕ್ಕ ಬಾಡಿ

ಹಳೆ ಪಿಕಪ್ಪಿನ ಬಾಡಿ ನೋಡಿದರೆ ಅದು ಎಲ್ಲಿ ದುಡಿದದ್ದು ಅಂತ ಹೇಳಬಹುದು.

ಕೋಲಾರದ ಕಡೆಯದಾದರೆ ಟೊಮೆಟೊ ಕ್ರೇಟು ಮೇಲಿಂದ ಮೇಲೆ ಜೋಡಿಸಲು ಪಕ್ಕಕ್ಕೆ ಎತ್ತರದ ಕಬ್ಬಿಣದ ಕಂಬಿ. ರೇಷ್ಮೆಗೂಡು ಹಾಕಿಕೊಂಡು ರಾಮನಗರಕ್ಕೆ ಹೋಗುತ್ತಿದ್ದ ಗಾಡಿಯಲ್ಲಿ ಗಾಳಿಯಾಡಲು ಸಂದು. ಕುರಿ ಸಂತೆಯ ಗಾಡಿಗೆ ನಡುವೆ ಹಲಗೆ ಹಾಕಿ ಎರಡು ಅಂತಸ್ತು. ಮಲ್ಪೆ, ಮಂಗಳೂರು ಕಡೆಯ ಮೀನಿನ ಗಾಡಿಯಾದರೆ ತೊಟ್ಟಿಯಲ್ಲಿ ಮಂಜುಗಡ್ಡೆಯ ನೀರು ಹರಿದ ಗುರುತು.

ಈ ಗುರುತುಗಳು ಕೊಳ್ಳುವವನಿಗೆ ಬಹಳ ಮುಖ್ಯ. ಮೀನಿನ ಉಪ್ಪುನೀರು ಚಾಸಿಯನ್ನು ಒಳಗಿಂದ ತಿನ್ನುತ್ತದೆ. ರಸಗೊಬ್ಬರದ ಪುಡಿ ತೇವ ಹಿಡಿದು ತೊಟ್ಟಿಯ ತಗಡನ್ನು ತಿನ್ನುತ್ತದೆ. ಮರಳು ಹೊಡೆದ ಗಾಡಿಯ ಸ್ಪ್ರಿಂಗ್, ಆಕ್ಸಲ್, ಕ್ಲಚ್ ಮೂರೂ ದಣಿದಿರುತ್ತವೆ. ಮೇಲೆ ಹೊಸ ಪೇಂಟ್ ಹೊಡೆದರೂ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿದರೆ ಚಾಸಿ ಸುಳ್ಳು ಹೇಳುವುದಿಲ್ಲ.

ಎರಡು ಪ್ಲೇಟಿನ ಲೆಕ್ಕ

ಈಗ ನನ್ನ ತಮ್ಮನ ಎರಡು ಪ್ಲೇಟಿಗೆ ಬರೋಣ.

ಪಿಕಪ್ಪಿನ ಹಿಂದಿನ ಆಕ್ಸಲ್ ಮೇಲೆ ಕಬ್ಬಿಣದ ಪಟ್ಟಿಗಳ ಕಟ್ಟು ಇರುತ್ತದೆ. ಲೋಡ್ ಹಾಕಿದಾಗ ಅದು ಬಾಗುತ್ತದೆ, ಗಾಡಿ ಕೂರುತ್ತದೆ. ಗಾಡಿ ಕೂತರೆ "ಇನ್ನು ಸಾಕು" ಅಂತ ಅದೇ ನಮಗೆ ಹೇಳಿದ ಹಾಗೆ. ಎರಡು ಪ್ಲೇಟು ಜಾಸ್ತಿ ಹಾಕಿದರೆ ಗಾಡಿ ಕೂರುವುದಿಲ್ಲ, ಅಷ್ಟೆ. ಅಂದರೆ ಹೇಳುವ ಬಾಯಿ ಮುಚ್ಚಿಸಿದ ಹಾಗೆ. ಚಾಸಿ, ಆಕ್ಸಲ್, ಬೇರಿಂಗ್, ಟೈರು, ಬ್ರೇಕು ಎಲ್ಲ ಮೊದಲಿನವೇ.

ಲೆಕ್ಕ ಹಾಕಿ. ಕೋಲಾರದ ಮಂಡಿಯಲ್ಲಿ ಟೊಮೆಟೊ ಬಾಕ್ಸ್ ಅಂದರೆ 15 ಕೆಜಿ. 750 ಕೆಜಿ ಹೊರುವ ಗಾಡಿಗೆ 50 ಬಾಕ್ಸ್ ಹಾಕಿದರೆ ಮುಗಿಯಿತು, ಖಾಲಿ ಕ್ರೇಟಿನ ತೂಕ ಸೇರಿಸಿದರೆ ಅಷ್ಟೂ ಇಲ್ಲ. ಸಿಮೆಂಟ್ ಆದರೆ 15 ಮೂಟೆ. ಅದೇ ಗಾಡಿಗೆ 100 ಬಾಕ್ಸ್ ಹಾಕಿ ಹೊರಟರೆ ಹೊರೆ ಎರಡು ಪಟ್ಟು. ಗಾಡಿ ಓಡುವ ವೇಗ ಅದೇ ಇದ್ದರೂ ಒಟ್ಟು ತೂಕ ಎಷ್ಟು ಏರುತ್ತದೋ, ನಿಲ್ಲಿಸುವಾಗ ಬ್ರೇಕ್ ನುಂಗಬೇಕಾದ ಶಕ್ತಿಯೂ ಅಷ್ಟೇ ಏರುತ್ತದೆ. ಆ ಶಕ್ತಿಯೆಲ್ಲ ಬಿಸಿಯಾಗುತ್ತದೆ. ಚಾರ್ಮಾಡಿ, ಆಗುಂಬೆಯಂಥ ಘಾಟಿ ಇಳಿಯುವಾಗ ಬ್ರೇಕ್ ತುಳಿದೂ ತುಳಿದೂ ಬ್ರೇಕ್ ಆಯಿಲ್ ಕುದಿಯಬಹುದು. ಕುದ್ದರೆ ಪೆಡಲ್ ಮೆತ್ತಗೆ ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

ಇನ್ನೂ ಒಂದು ವಿಷಯ ಇದೆ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ಲಿಗೂ ಚಾಸಿಗೂ ನಡುವೆ ಒಂದು ಸಣ್ಣ ಕಡ್ಡಿ, ಅದರ ತುದಿಗೆ ಬ್ರೇಕಿನ ಒಂದು ವಾಲ್ವ್ ಇರುತ್ತದೆ. ಗಾಡಿ ಎಷ್ಟು ಕೂತಿದೆ ಅನ್ನುವುದರ ಮೇಲೆ ಲೋಡ್ ಎಷ್ಟಿದೆ ಅಂತ ಅಂದಾಜು ಮಾಡಿ ಅದು ಹಿಂದಿನ ಚಕ್ರಕ್ಕೆ ಬ್ರೇಕ್ ಒತ್ತಡ ಬಿಡುತ್ತದೆ. ಪ್ಲೇಟು ಜಾಸ್ತಿ ಹಾಕಿ ಗಾಡಿ ಕೂರದಂತೆ ಮಾಡಿದರೆ ಆ ವಾಲ್ವ್ ಗಾಡಿ ಖಾಲಿ ಇದೆ ಅಂತಲೇ ತಿಳಿಯುತ್ತದೆ. ಎರಡು ಟನ್ ಹೇರಿದಾಗ ಹಿಂದಿನ ಬ್ರೇಕ್ ಖಾಲಿ ಗಾಡಿಯ ಲೆಕ್ಕದಲ್ಲಿ ಹಿಡಿಯುತ್ತದೆ.

ಕಾನೂನೂ ಇದನ್ನು ಸುಮ್ಮನೆ ಬಿಟ್ಟಿಲ್ಲ. ತಯಾರಿಸಿದ ಕಂಪನಿ ಕೊಟ್ಟ ವಿವರಕ್ಕೆ ಆರ್‌ಸಿಯ ವಿವರ ತಾಳೆಯಾಗದಂತೆ ಗಾಡಿ ಬದಲಾಯಿಸಬಾರದು ಅನ್ನುತ್ತದೆ 52ನೇ ಕಲಂ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಹಾಗೆ ಬದಲಾಯಿಸಿದ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಓವರ್‌ಲೋಡಿಗೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2000. ಅದೇ ತಿದ್ದುಪಡಿ ಒಂದು ಒಳ್ಳೆಯ ಬಾಗಿಲನ್ನೂ ತೆರೆಯಿತು. ಅಂಗವಿಕಲರು ತಮಗೆ ಅನುಕೂಲವಾಗುವಂತೆ ಗಾಡಿಯನ್ನು ಅನುಮತಿ ಪಡೆದು ಬದಲಾಯಿಸಿಕೊಳ್ಳಬಹುದು.

ತೊಟ್ಟಿಯಲ್ಲಿ ಕೂತ ಜನ

ಹಳೆ ಗಾಡಿಗಳ ಕಾಲದಿಂದ ಬಂದ ಅಭ್ಯಾಸ ನಮ್ಮನ್ನು ಬಿಟ್ಟಿಲ್ಲ. ಕೂಲಿಗೆ, ತಿಥಿಗೆ, ಜಾತ್ರೆಗೆ, ಮದುವೆಗೆ ಪಿಕಪ್ಪಿನ ತೊಟ್ಟಿಯಲ್ಲಿ ಚಾಪೆ ಹಾಸಿ ಕೂರುತ್ತೇವೆ. ಜಿಲ್ಲಾ ವರದಿಗಾರನಾಗಿ ಇಂಥ ಗಾಡಿ ಮಗುಚಿದ ಸುದ್ದಿ ಬರೆಯುವುದು ನನಗೆ ಹೊಸದಲ್ಲ. ಸುದ್ದಿ ಒಂದು ದಿನಕ್ಕೆ ಮುಗಿಯುತ್ತದೆ. ಅದರ ನಂತರದ ಕತೆಯನ್ನು ನಾವು ಬರೆಯುವುದೇ ಇಲ್ಲ.

ಆ ಕತೆ ಇದು. 1994ರ ತಿದ್ದುಪಡಿಯಂತೆ ಸರಕು ಗಾಡಿಯಲ್ಲಿ ಸರಕಿನ ಮಾಲೀಕ ಅಥವಾ ಅವನು ಒಪ್ಪಿ ಕಳಿಸಿದ ಪ್ರತಿನಿಧಿ ಹೋಗುತ್ತಿದ್ದರೆ ಅವನಿಗೆ ವಿಮೆಯ ರಕ್ಷಣೆ ಇದೆ. ಸುಮ್ಮನೆ ಹತ್ತಿ ಕೂತವರಿಗೆ ಇಲ್ಲ. 2002ರಲ್ಲಿ ಒಮ್ಮೆ, 2004ರಲ್ಲಿ ಇನ್ನೊಮ್ಮೆ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. 2004ರ ಪ್ರಕರಣದಲ್ಲಿ ಸತ್ತವರ ಮನೆಯವರಿಗೆ ಮೊದಲು ವಿಮಾ ಕಂಪನಿ ದುಡ್ಡು ಕೊಡಲಿ, ಆಮೇಲೆ ಅದನ್ನು ಗಾಡಿ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಅಂತ ಕೋರ್ಟ್ ಹೇಳಿತು. ಎರಡೂ ಕಡೆ ಯೋಚಿಸಿ. ತೊಟ್ಟಿಯಲ್ಲಿ ಕೂತಿದ್ದವರು ನಮ್ಮವರೇ, ಅಕ್ಕ ತಂಗಿಯರೇ. ಗಾಡಿ ಮಾಲೀಕನೂ ನಮ್ಮವನೇ. ಪುಣ್ಯ ಕಟ್ಟಿಕೊಳ್ಳಲು ಹತ್ತಿಸಿಕೊಂಡವನು ಕೊನೆಗೆ ಜಮೀನು ಮಾರಬೇಕಾಗುತ್ತದೆ.

ಗಾಡಿ ನಿನ್ನದು, ಹೆಸರು ಯಾರದು?

ಹಳೆ ಗಾಡಿ ವ್ಯಾಪಾರದಲ್ಲಿ ನಾನು ಹೆಚ್ಚು ಕೇಳಿರುವ ಮಾತು "ಪೇಪರ್ ಆಮೇಲೆ ಮಾಡ್ಕೊಳ್ಳಿ". ಕೈಯಿಂದ ಕೈಗೆ ಗಾಡಿ ಹೋಗುತ್ತದೆ, ಆರ್‌ಸಿ ಮೊದಲನೆಯವನ ಹೆಸರಲ್ಲೇ ಇರುತ್ತದೆ.

2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇಂಥದೇ ಒಂದು ಪ್ರಕರಣ ತೀರ್ಮಾನಿಸಿತು. ಗಾಡಿ ಹಲವರ ಕೈ ದಾಟಿ ಹೋಗಿತ್ತು, ಅಪಘಾತವಾಯಿತು. ಪರಿಹಾರ ಕೊಡುವ ಹೊಣೆ ಬಂದದ್ದು ಯಾವಾಗಲೋ ಮಾರಿ ಮರೆತಿದ್ದ ಮೊದಲನೆಯವನ ಮೇಲೆ. ಯಾಕೆಂದರೆ ಆರ್‌ಟಿಒ ಪುಸ್ತಕದಲ್ಲಿ ಮಾಲೀಕ ಅವನೇ. ಮಾರಿದವನಿಗೆ ಇದು ಪಾಠ. ಕೊಂಡವನಿಗೂ ಪಾಠವೇ, ಯಾಕೆಂದರೆ ಹೆಸರು ಬದಲಾಗದ ಗಾಡಿಗೆ ಏನಾದರೂ ಆದರೆ ಅದರ ರಿಪೇರಿ ದುಡ್ಡಿಗೆ ವಿಮೆ ಕೇಳಲು ಅವನಿಗೆ ಕಷ್ಟ.

ಅಡ್ವಾನ್ಸ್ ಕೊಡುವ ಮೊದಲೇ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ. ಎಫ್‌ಸಿ, ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ ಅಂತ ಕಾಣುತ್ತದೆ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು ಅನ್ನುವುದು ನೆನಪಿರಲಿ. ಗಾಡಿ ಮೇಲೆ ಹಳೆ ಸಾಲ ಇದ್ದಿದ್ದರೆ ಅದು ತೀರಿದ ಪತ್ರ ಮತ್ತು 35ನೇ ನಂಬರಿನ ಫಾರಂ ಕೇಳಿ. ಹೆಸರು ಬದಲಾವಣೆಗೆ 29 ಮತ್ತು 30ನೇ ನಂಬರಿನ ಫಾರಂಗಳಿಗೆ ಮಾರುವವನ ಸಹಿ ದುಡ್ಡು ಕೊಡುವ ಹೊತ್ತಿಗೇ ಹಾಕಿಸಿಕೊಳ್ಳಿ.

ಮೊದಲ ತಿಂಗಳು ಏನು ಮಾಡಬೇಕು

ಭಾನುವಾರ ಊರಿನ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಗಾಡಿ ನೋಡಲು ಹೋದೆವು. ನಲವತ್ತು ವರ್ಷದಿಂದ ಗಾಡಿ ಬಿಚ್ಚುತ್ತಿರುವವರು. ಅವರು ಬಾಡಿ ಕಡೆ ತಿರುಗಿಯೂ ನೋಡಲಿಲ್ಲ. ನೇರ ಕೆಳಗೆ ಮಲಗಿದರು. ಎದ್ದು ಬಂದು ನನ್ನ ತಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದರು: "ಪ್ಲೇಟ್ ಬಿಗಿದಿರೋ ಜಾಗದಲ್ಲಿ ಚಾಸಿ ಬಿರುಕು ಬಿಟ್ಟು ವೆಲ್ಡಿಂಗ್ ಮಾಡಿಸಿದಾರೆ ಕಣಪ್ಪ. ಪ್ಲೇಟ್ ತಡ್ಕಂತು, ಚಾಸಿ ತಡ್ಕಲಿಲ್ಲ." ಆರ್‌ಸಿ ಇನ್ನೂ ಮೊದಲನೇ ಮಾಲೀಕನ ಹೆಸರಲ್ಲೇ ಇತ್ತು. ವಾಪಸ್ ಬಂದೆವು.

ಎರಡು ತಿಂಗಳಾದ ಮೇಲೆ ಒಂಬತ್ತು ವರ್ಷದ ಇನ್ನೊಂದು ಗಾಡಿ ಸಿಕ್ಕಿತು. ಪೇಂಟ್ ಮಾಸಿತ್ತು, ಸೀಟು ಹರಿದಿತ್ತು, ಕೆಳಗೆ ಎಲ್ಲ ನೆಟ್ಟಗಿತ್ತು. ಕೊಂಡ ಮೇಲೆ ಮೆಕ್ಯಾನಿಕ್ ಮಾಡಿಸಿದ ಕೆಲಸಗಳನ್ನು ಅದೇ ಸಾಲಿನಲ್ಲಿ ಇಲ್ಲಿ ಬರೆಯುತ್ತೇನೆ. ಮೊದಲ ಸಲ ಹಳೆ ಗಾಡಿ ಕೊಂಡವರಿಗೆ ಉಪಯೋಗಕ್ಕೆ ಬರಬಹುದು.

ಮೊದಲು ಬ್ರೇಕ್. ನಾಲ್ಕೂ ಚಕ್ರ ಬಿಚ್ಚಿ ಲೈನರ್, ಸಿಲಿಂಡರ್ ನೋಡಿದರು. ಬ್ರೇಕ್ ಆಯಿಲ್ ಪೂರ್ತಿ ತೆಗೆದು ಹೊಸದು ಹಾಕಿದರು. ಅದು ಗಾಳಿಯ ತೇವ ಹೀರುತ್ತದೆ, ತೇವ ಹೀರಿದ್ದು ಬೇಗ ಕುದಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಒಳ್ಳೆಯದು.

ಚಕ್ರ ಬಿಚ್ಚಿದ್ದಾಗಲೇ ಬೇರಿಂಗ್ ತೊಳೆದು ಹೊಸ ಗ್ರೀಸ್ ತುಂಬಿದರು. ಹಿಂದಕ್ಕೆ ಹೋಗುವ ಶಾಫ್ಟಿನ ಜಾಯಿಂಟುಗಳಿಗೆ ಗ್ರೀಸ್ ಹೊಡೆದರು.

ರೇಡಿಯೇಟರಿನಲ್ಲಿ ಹಳೆ ಮಾಲೀಕ ಬೋರ್‌ವೆಲ್ ನೀರು ತುಂಬಿದ್ದ. ನಮ್ಮ ಕಡೆಯ ನೀರು ಗಡಸು, ಪಾತ್ರೆಗೆ ಬಿಳಿ ಪದರ ಕಟ್ಟುವ ಹಾಗೆ ರೇಡಿಯೇಟರ್ ಒಳಗೂ ಕಟ್ಟುತ್ತದೆ. ತೊಳೆಸಿ ಕೂಲೆಂಟ್ ಹಾಕಿಸಿದರು.

ಡೀಸೆಲ್ ಫಿಲ್ಟರಿನ ಕೆಳಗೆ ನಿಂತ ನೀರು ಬಿಡಿಸಿದರು. ಏರ್ ಫಿಲ್ಟರ್ ಬದಲಾಯಿಸಿದರು. ಹೊಲದ ದಾರಿಯ ಧೂಳಿಗೆ ಪುಸ್ತಕದಲ್ಲಿ ಬರೆದದ್ದಕ್ಕಿಂತ ಬೇಗ ಅದು ಕಟ್ಟಿಕೊಳ್ಳುತ್ತದೆ.

ಟೈರು ಎರಡು ಹೊಸದು. ಗಾಡಿಗೆ ಎಷ್ಟು ಗಾಳಿ ಇರಬೇಕು ಅಂತ ಕಂಪನಿ ಬರೆದಿದೆಯೋ ಅಷ್ಟೇ. ಲೋಡ್ ಜಾಸ್ತಿ ಅಂತ ಗಾಳಿ ಜಾಸ್ತಿ ಹೊಡೆಸಿದರೆ ಟೈರಿನ ನಡುಭಾಗ ಸವೆಯುತ್ತದೆ, ಬಿಸಿಲಲ್ಲಿ ಸಿಡಿಯುವ ಭಯವೂ ಇದೆ.

ಕೊನೆಗೆ ಹೆಸರು ಬದಲಾವಣೆ, ಇನ್ಶೂರೆನ್ಸ್ ಬದಲಾವಣೆ. ಇಷ್ಟಕ್ಕೆ ಇಟ್ಟ ದುಡ್ಡು ಮುಗಿಯಿತು. ಹಿಂದಿನ ಗಾಜಿನ ಮೇಲೆ ದೇವರ ಹೆಸರು ಬರೆಸಬೇಕು, ಬಣ್ಣದ ಲೈಟು ಹಾಕಿಸಬೇಕು ಅಂತಿದ್ದ ಹುಡುಗನಿಗೆ ದೇವರ ಹೆಸರಿಗೆ ಮಾತ್ರ ದುಡ್ಡು ಉಳಿಯಿತು.

ಜಾತ್ರೆಯ ದಿನ

ಈ ವರ್ಷ ಊರ ಜಾತ್ರೆಗೆ ನಾನೂ ಹೋಗಿದ್ದೆ. ಮನೆ ಮುಂದೆ ಪಿಕಪ್ ನಿಂತಿತ್ತು, ಮಾಸಿದ ಪೇಂಟಿನಲ್ಲೇ. ದೇವಸ್ಥಾನಕ್ಕೆ ಹೊರಟ ಹೆಂಗಸರು, ಮಕ್ಕಳು ಹದಿನೈದು ಜನ ಇದ್ದರು. ಚಿಕ್ಕಮ್ಮ ಚಾಪೆ ಹಿಡಿದುಕೊಂಡೇ ಬಂದರು. "ಗಾಡಿ ಇಟ್ಕೊಂಡು ಬಸ್ಸಿಗೆ ಕಾಯೋದಾ? ಹಿಂದೆ ಹಾಸಿದ್ರೆ ಎಲ್ರೂ ಕೂತ್ಕತೀವಿ ಬಿಡೋ" ಅಂದರು.

ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಅವರ ತಾಯಿ ಟೈರ್ ಗಾಡಿಯಲ್ಲಿ ಜಾತ್ರೆಗೆ ಹೋದವರು. ಅವರೇ ಮದುವಣಗಿತ್ತಿಯಾಗಿ ಮೆಟಾಡೋರ್‌ನಲ್ಲಿ ಈ ಊರಿಗೆ ಬಂದವರು. ಮನೆಗೆ ಬಂದ ಮೊದಲ ಗಾಡಿಯಲ್ಲಿ ಕೂರುವ ಆಸೆ ಅವರಿಗಲ್ಲದೆ ಇನ್ನಾರಿಗೆ ಇರಬೇಕು? ಅದಕ್ಕೆ ಓಲೆ ಕೊಟ್ಟವರೂ ಅವರೇ.

ತಮ್ಮ ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಆಮೇಲೆ ಕ್ಯಾಬಿನ್ನಿನ ಬಾಗಿಲು ತೆಗೆದ.

"ಅಮ್ಮಾ, ನೀನು ಮುಂದೆ ಹತ್ತು. ಅಡುಗೆ ಸಾಮಾನು ಹಿಂದೆ ಹಾಕಿ. ಉಳಿದವರಿಗೆ ಒಂಬತ್ತೂವರೆಗೆ ಬಸ್ಸಿದೆ, ಅಣ್ಣ ಹತ್ತಿಸ್ತಾನೆ" ಅಂದ.

ಹೆಂಗಸರು ಗೊಣಗಿದರು. ಮಕ್ಕಳು ಮುಖ ಊದಿಸಿಕೊಂಡರು. ಬಸ್ಸು ಹತ್ತೂ ಕಾಲಿಗೆ ಬಂತು.